ಕೂಸಿಗೆ ಲಂಗೋಟಿ ಎಷ್ಟಿರಬೇಕು, ಡೈಪರ್ ಎಷ್ಟಿರಬೇಕು?

ಚಪಳಗಾಂವಕ್ಕ ಮಗಳು ಬಾಣಂತನಕ್ಕ ಬರಾಕತ್ತಾಳೇನ್ರಿ? ಡೈಪರ್ ಪ್ಯಾಕ್ ರಾಶಿ ತಂದಿಡಬ್ಯಾಡ್ರಿ. ಮೊದಲ ಈ ಲೆಕ್ಕ ಕೇಳ್ರಿ.

ಎಳೇ ಕೂಸಿಗೆ ದಿನಕ್ಕ 8ರಿಂದ 12 ಸಲ ಬಟ್ಟಿ ಬದಲಿಸಬೇಕಾಗತೈತಿ. ಅದಕ್ಕ 24 ಲಂಗೋಟಿ ಇರಲಿ. ಮಳಿಗಾಲದಾಗ ಲಗೂನ ಒಣಗೂದಿಲ್ಲ, 36 ಬೇಕು. ಅಜ್ಜನ ಹಳೇ ಧೋತರ, ಅವ್ವನ ನೂಲಿನ ಸೀರಿ ಹರದು ಹೊಲೀರಿ. ಒಗದು ಒಗದು ಮೆತ್ತಗಾದ ಅರಿವಿ ನೀರು ಚಲೋ ಹೀರತೈತಿ. ಸಾಬೂನು ಪೂರ್ತಿ ಹೋಗೂವಂಗ ಜಾಲಿಸಿ, ಬಿಸಿಲಾಗ ಒಣಗಸ್ರಿ. ಕೆಳಗ ಹಾಸಾಕ ಸೊಲ್ಲಾಪುರದ ಟರ್ಕಿ ಟವೆಲ್ 4 ಸಾಕು.

ಡೈಪರ್ ರಾತ್ರಿಗೆ, ಮತ್ತ ಅಕ್ಕಲಕೋಟಕ್ಕ ದವಾಖಾನಿಗೆ ಹೋಗೂವಾಗ. ನ್ಯೂಬಾರ್ನ್ ಅಳತಿ ಸಾಮಾನ್ಯವಾಗಿ 5 ಕಿಲೋ ತನಕ. ಕೂಸು ಎರಡು-ಮೂರು ತಿಂಗಳದಾಗ ಅದನ್ನ ದಾಟತೈತಿ. ಒಂದು ಸಣ್ಣ ಪ್ಯಾಕ್ ಮುಗದ ಮ್ಯಾಲೆ ಇನ್ನೊಂದು ತರ್ರಿ.

ಹಾಕೂ ರೀತಿ ನೋಡ್ರಿ. ಮ್ಯಾಲಿನ ಅಂಚು ಹೊರಗ ಮಡಚಿ, ಹೊಕ್ಕಳದ ಕೆಳಗ ನಿಲ್ಲಸ್ರಿ. ಬಳ್ಳಿಗೆ ಗಾಳಿ ಆಡಲಿ, ಒಣಗಿ ತಾನ ಉದರತೈತಿ. ಹತ್ತಿ ಬೆಚ್ಚನ್ನ ನೀರಾಗ ಅದ್ದಿ, ಮುಂದಿನಿಂದ ಹಿಂದಕ್ಕ ಒರಸ್ರಿ. ಪೌಡರ್ ಹಾಕಬ್ಯಾಡ್ರಿ, ಅದರ ಧೂಳು ಕೂಸಿನ ಉಸಿರಿನಾಗ ಹೋಗತೈತಿ. ವಾಪರಿಸಿದ ಡೈಪರ್ ಪೇಪರಿನಾಗ ಸುತ್ತಿ ಕಸದ ಗಾಡಿಗೆ ಕೊಡ್ರಿ, ಹಳ್ಳಕ್ಕ ಒಗೀಬ್ಯಾಡ್ರಿ.

ದವಾಖಾನ್ಯಾಗ ಹೆರಿಗಿ ಆಗಿದ್ರ 3, 7, 14, 21, 28, 42ನೇ ದಿನ ಆಶಾ ಅಕ್ಕ ಮನಿಗೆ ಬರಬೇಕು. ಐದು ದಿನ ದಾಟಿದ ಕೂಸು 24 ತಾಸಿನಾಗ 6 ಸಲಕ್ಕಿಂತ ಕಡಿಮಿ ಉಚ್ಚಿ ಹೊಯ್ದ್ರ ಅವರ ಹಾದಿ ಕಾಯಬ್ಯಾಡ್ರಿ, ಅವತ್ತ ಡಾಕ್ಟರಿಗೆ ತೋರಸ್ರಿ.