ಮೊಣಕಾಲಿನ ಗೂಟ ಕಿತ್ತರೆ

ಬೀದರ ಜಿಲ್ಲೆಯ ಬೇಮಳಖೇಡದಂತಹ ಊರುಗಳಲ್ಲಿ ದನಗಳನ್ನು ಗೂಟಕ್ಕೆ ಕಟ್ಟುವುದನ್ನು ನಾವೆಲ್ಲರೂ ಬಲ್ಲೆವು. ಬೆದರಿದ ಹೋರಿಯು ಒಮ್ಮೆಲೆ ಜಗ್ಗಿದರೆ ಹಗ್ಗ ಹರಿಯುತ್ತದೆ. ಹಗ್ಗ ಗಟ್ಟಿಯಾಗಿದ್ದರೆ ಗೂಟವೇ ಮಣ್ಣಿನ ಹೆಂಟೆಯೊಡನೆ ಕಿತ್ತುಬರುತ್ತದೆ. ನಮ್ಮ ಮೊಣಕಾಲಿನಲ್ಲಿಯೂ ಈ ಎರಡು ಬಗೆಯ ಅಪಾಯಗಳುಂಟು.

ತೊಡೆಯ ಮೂಳೆಯನ್ನು ಅದರ ಕೆಳಗಿನ ಜಂಘಾಸ್ಥಿ ಮೊದಲಾದ ಎಲುಬುಗಳಿಗೆ ನಾಲ್ಕು ಮುಖ್ಯ ಕಟ್ಟುಗಳು ಬಿಗಿದಿವೆ. ಇವೇ ಅಸ್ಥಿರಜ್ಜುಗಳು, ವೈದ್ಯರು ಲಿಗಮೆಂಟ್ ಎನ್ನುವರು. ಎರಡು ರಜ್ಜುಗಳು ಪಕ್ಕಗಳಲ್ಲಿವೆ. ಉಳಿದೆರಡು ಕೀಲಿನ ನಡುವೆ ಕತ್ತರಿಯಂತೆ ಒಂದನ್ನೊಂದು ದಾಟಿವೆ. ಇವುಗಳಲ್ಲಿ ಮುಂದಿನದು ಜಂಘಾಸ್ಥಿಯು ಮುಂದಕ್ಕೆ ಜಾರದಂತೆಯೂ ಹಿಂದಿನದು ಹಿಂದಕ್ಕೆ ಸರಿಯದಂತೆಯೂ ತಡೆಯುತ್ತವೆ. ರಜ್ಜು ಹರಿಯದೆ, ತಾನು ನೆಲೆಯೂರಿದ ಎಲುಬಿನ ಚೂರನ್ನೇ ಕಿತ್ತು ತಂದರೆ ಅದಕ್ಕೆ ಅವಲ್ಶನ್ ಎಂದು ಹೆಸರು.

ಮುಂದಿನ ರಜ್ಜುವಿನ ಗೂಟ ಹೆಚ್ಚಾಗಿ ಕೀಳುವುದು 8ರಿಂದ 14 ವರ್ಷದವರಲ್ಲಿ. ಬೆಳೆಯುವ ಎಲುಬಿನ ತುದಿ ಇನ್ನೂ ಪೂರ್ಣ ಗಟ್ಟಿಗೊಂಡಿರುವುದಿಲ್ಲವಾದ್ದರಿಂದ ರಜ್ಜುವಿಗಿಂತ ಮೊದಲು ಅದೇ ಸೋಲುತ್ತದೆ. ಸೈಕಲ್ಲಿನಿಂದ ಬೀಳುವುದು, ಆಟದಲ್ಲಿ ಕಾಲು ತಿರುಚುವುದು ಇದಕ್ಕೆ ಸಾಕು. ಹಿಂದಿನ ರಜ್ಜುವಿಗೆ ಪೆಟ್ಟು ಬೀಳುವುದು ಬಹುಮಟ್ಟಿಗೆ ಮೋಟಾರ್ ಸೈಕಲ್ಲಿನ ಅಪಘಾತಗಳಲ್ಲಿ.

ಇಂತಹ ಕಾಲಿಗೆ ಶಸ್ತ್ರಚಿಕಿತ್ಸೆ ಬೇಕೇ, ಬೇಡವೇ? ಚೂರು ಎಷ್ಟು ದೂರ ಸರಿದಿದೆ ಎಂಬುದರ ಮೇಲೆ ಉತ್ತರವು ನಿಂತಿದೆ. ಮುಂದಿನ ರಜ್ಜುವಿನ ಗಾಯಗಳನ್ನು ಮೇಯರ್ಸ್ ಮತ್ತು ಮೆಕೀವರ್ ಎಂಬ ವೈದ್ಯರು 1959ರಲ್ಲಿ ಎಕ್ಸ್-ರೇ ಚಿತ್ರಗಳನ್ನು ನೋಡಿ ಮೂರು ವರ್ಗಗಳಾಗಿ ವಿಂಗಡಿಸಿದರು.

ಮೊದಲ ವರ್ಗದಲ್ಲಿ ಚೂರು ಕದಲಿರುವುದೇ ಕಡಿಮೆ. ಕಾಲನ್ನು ನೇರವಾಗಿರಿಸಿ ಕೆಲವು ವಾರ ಪ್ಲಾಸ್ಟರ್ ಹಾಕಿದರೆ ಸಾಕು. ನಡುವೆ ಹರಿದ ರಜ್ಜು ಕೀಲಿನ ದ್ರವದಲ್ಲಿ ತಾನಾಗಿ ಕೂಡುವುದು ಕಷ್ಟ. ಆದರೆ ಎಲುಬಿಗೆ ಎಲುಬು ತಾಗಿದ್ದರೆ ಚೆನ್ನಾಗಿ ಬೆಸೆಯುತ್ತದೆ.

ಎರಡನೆಯದರಲ್ಲಿ ಚೂರಿನ ಮುಂಭಾಗ ಪೆಟ್ಟಿಗೆಯ ಮುಚ್ಚಳದಂತೆ ಎದ್ದಿದ್ದು, ಹಿಂಭಾಗ ಅಂಟಿಕೊಂಡಿರುತ್ತದೆ. ಕೀಲಿನೊಳಗಿನ ರಕ್ತವನ್ನು ಸೂಜಿಯಿಂದ ಹೊರತೆಗೆದು, ಕಾಲನ್ನು ನೀಡಿಸಿ, ಮತ್ತೊಮ್ಮೆ ಚಿತ್ರ ತೆಗೆಯುವರು. ಮುಚ್ಚಳ ಕುಳಿತಿದ್ದರೆ ಪ್ಲಾಸ್ಟರ್, ಇಲ್ಲದಿದ್ದರೆ ಶಸ್ತ್ರಚಿಕಿತ್ಸೆ. ಈ ವರ್ಗದ ವಿಷಯದಲ್ಲಿ ತಜ್ಞರಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ.

ಮೂರನೆಯದರಲ್ಲಿ ಚೂರು ಪೂರ್ತಿ ಬೇರ್ಪಟ್ಟಿರುತ್ತದೆ. ಅನೇಕ ವೇಳೆ ಕೀಲಿನೊಳಗಿನ ಮೆತ್ತೆಯಾದ ಮೃದ್ವಸ್ಥಿಯ ಅಂಚು ಅದರ ಕೆಳಗೆ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ಎಷ್ಟು ಒತ್ತಿದರೂ ಬಿಡದು. ಇಲ್ಲಿ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ದಾರಿ. ಟೋಕಿಯೋದ ಕೆಂಜಿ ತಕಾಗಿ 1918ರಲ್ಲಿ ಮೃತದೇಹದ ಮೊಣಕಾಲಿನೊಳಗೆ ನಳಿಕೆಯಿಟ್ಟು ನೋಡಿದುದು ಮುಂದೆ ಆರ್ಥ್ರೋಸ್ಕೋಪ್ ಆಗಿ ಬೆಳೆಯಿತು. ಅದರ ನೆರವಿನಿಂದ ಸಣ್ಣ ರಂಧ್ರಗಳ ಮೂಲಕವೇ ಚೂರನ್ನು ದಾರದಿಂದಲೋ ತಿರುಪಿನಿಂದಲೋ ಬಿಗಿಯುವರು. ಹಿಂದಿನ ರಜ್ಜುವಿಗೂ ಇದೇ ನ್ಯಾಯ: ಚೂರು ಸರಿಯದಿದ್ದರೆ ಕಟ್ಟು, ಸರಿದಿದ್ದರೆ ತಿರುಪು.

ಎರಡು ಮಾರ್ಗಗಳಿಗೂ ಬೆಲೆಯಿದೆ. ಶಸ್ತ್ರಚಿಕಿತ್ಸೆಯಲ್ಲಿ ಸೋಂಕಿನ ಭಯ. ಮಕ್ಕಳಲ್ಲಿ ಎಲುಬು ಬೆಳೆಯುವ ಪದರಕ್ಕೆ ಧಕ್ಕೆಯಾಗದಂತೆ ಎಚ್ಚರವೂ ಬೇಕು. ಪ್ಲಾಸ್ಟರಿನಲ್ಲಿ ತೊಡೆಯ ಸ್ನಾಯು ಸೊರಗುತ್ತದೆ; ಎದ್ದಿದ್ದ ಚೂರು ಹಾಗೆಯೇ ಬೆಸೆದರೆ ಕಾಲು ಪೂರ್ತಿ ನೇರವಾಗದು. ಕೀಲು ಬಿಗಿದುಕೊಳ್ಳುವ ತೊಂದರೆಯಂತೂ ಎರಡರಲ್ಲಿಯೂ ಉಂಟು. ಆದುದರಿಂದ ವೈದ್ಯರು ಹೇಳಿದ ವ್ಯಾಯಾಮವೂ ಚಿಕಿತ್ಸೆಯ ಅಂಗವೇ.

ಬಿದ್ದ ಕೆಲವೇ ಗಂಟೆಗಳಲ್ಲಿ ಮೊಣಕಾಲು ಊದಿಕೊಂಡು ಊರಲಾಗದಿದ್ದರೆ, ಎಣ್ಣೆ ತಿಕ್ಕಿ ಎಳೆಯುವುದು ಸಲ್ಲದು. ಕಾಲನ್ನು ಅಲುಗದಂತೆ ಕಟ್ಟಿ ಎಕ್ಸ್-ರೇಗೆ ಒಯ್ಯಬೇಕು. ಬೀದರ, ಕಲಬುರಗಿಗಳಲ್ಲಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಕಿತ್ತ ಗೂಟವನ್ನು ಮಣ್ಣು ಹಸಿಯಿರುವಾಗಲೇ ನೆಡುವುದು ಸುಲಭ. ವಾರಗಳು ಕಳೆದಂತೆ ಕುಳಿ ತುಂಬಿಕೊಳ್ಳುತ್ತದೆ.