ಹಗಲು ಕಣ್ಣು, ರಾತ್ರಿ ಕುರುಡು!
ಷಟರ್ ಎಳೆದ ಕೂಡಲೇ ಮಲಗುವ ಅಂಗಡಿ ಕ್ಯಾಮೆರಾಗಳು

ದಾವಣಗೆರೆ: ಚೌಕಿಪೇಟೆ, ಮಂಡಿಪೇಟೆ, ಅಶೋಕ ರಸ್ತೆ, ಎಲ್ಲಿಗೇ ಹೋಗಿ, ಅಂಗಡಿ ಬೋರ್ಡಿನ ಪಕ್ಕ ಕ್ಯಾಮೆರಾ ಕಾಣುತ್ತದೆ. ಈಚೆಗೆ ಬಂದಿರುವುದು ವೈಫೈ ಕ್ಯಾಮೆರಾ. ಉದ್ದುದ್ದ ಕೇಬಲ್ ಎಳೆಯುವ ರಗಳೆ ಇಲ್ಲ. ಮನೆಯಲ್ಲಿ ರೊಟ್ಟಿ ಮುರೀತಾ ಮೊಬೈಲಿನಲ್ಲೇ ಅಂಗಡಿ ನೋಡಬಹುದು ಅಂತ ಎಲ್ಲರೂ ಹಾಕಿಸಿಕೊಂಡರು. ಆದರೆ ರಾತ್ರಿ ಊಟಕ್ಕೆ ಕೂತು ಮೊಬೈಲ್ ತೆಗೆದರೆ ಕಾಣುವುದೇನು? ‘ಆಫ್‌ಲೈನ್’ ಅನ್ನೋ ಒಂದೇ ಮಾತು!

ಬೆಳಿಗ್ಗೆ ಫಿಟ್ಟಿಂಗ್ ಹುಡುಗನನ್ನು ಕರೆಸಿದರೆ ಚಿತ್ರ ಫಳಫಳ. ‘ಚೆನ್ನಾಗೇ ಐತಲ್ರೀ ಸಾವ್ಕಾರ್ರೇ’ ಅಂತ ಚಾರ್ಜು ಇಸಕೊಂಡು ಹೋಗ್ತಾನೆ. ರಾತ್ರಿ ಮತ್ತೆ ಅದೇ ಹಾಡು. ಎರಡು ಸಲ ಹೀಗಾದ ಮೇಲೆ ‘ಮಾಲೇ ಡುಪ್ಲಿಕೇಟ್’ ಅಂತ ಬೈದು ಬೇರೆ ಕ್ಯಾಮೆರಾ ತರ್ತಾರೆ. ಹೊಸದೂ ರಾತ್ರಿ ಮಲಗುತ್ತದೆ.

ವ್ಯಾಪಾರಸ್ಥರೇ, ಕ್ಯಾಮೆರಾ ಬೈಯೋದು ಆಮೇಲಿರಲಿ. ಅಂಗಡಿ ಮುಚ್ಚುವ ಹೊತ್ತಿಗೆ ಏನೇನಾಗುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ. ಮೇನ್ ಆಫ್ ಆಗುತ್ತದೆ. ಷಟರ್ ಕೆಳಗೆ ಬರುತ್ತದೆ. ಹೊರಗೆ ಕತ್ತಲಾಗಿರುತ್ತದೆ. ಕ್ಯಾಮೆರಾ ಸಂಪರ್ಕ ಕೆಡಲಿಕ್ಕೆ ಈ ಮೂರರಲ್ಲಿ ಯಾವುದಾದರೂ ಒಂದು ಸಾಕು.

ಮೊದಲು ಮೇನ್ ಸ್ವಿಚ್. ಶಾರ್ಟ್ ಸರ್ಕ್ಯೂಟ್ ಭಯಕ್ಕೆ ಮೇನ್ ಆಫ್ ಮಾಡಿ ಮನೆಗೆ ಹೋಗೋದು ಹಳೇ ಅಭ್ಯಾಸ, ಒಳ್ಳೇದೇ. ಆದರೆ ಗಲ್ಲಾ ಹಿಂದಿನ ವೈಫೈ ಡಬ್ಬಿಯೂ ಅದೇ ಮೇನ್‌ನಲ್ಲಿದೆಯಲ್ಲ! ಡಬ್ಬಿ ಆರಿದರೆ ಕ್ಯಾಮೆರಾಗೆ ಕರೆಂಟಿದ್ದರೂ ಪ್ರಯೋಜನವಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಡಬ್ಬಿಗೂ ಕ್ಯಾಮೆರಾಗೂ ಬೇರೆ ಲೈನ್, ಬೇರೆ ಎಂಸಿಬಿ ಹಾಕಿಸಿ. ಕರೆಂಟು ಹೋದಾಗಲೂ ನಡೆಯಬೇಕಾದರೆ ಎರಡಕ್ಕೂ ಚಿಕ್ಕ ಯುಪಿಎಸ್ ಬೇಕು. ಇನ್ನೊಂದು ಮಾತು: ಕರೆಂಟು ಬಂದ ಮೇಲೆ ಡಬ್ಬಿ ಎದ್ದು ಕೂರಲಿಕ್ಕೆ ಒಂದೆರಡು ನಿಮಿಷ ಬೇಕು. ಕೆಲವು ಕ್ಯಾಮೆರಾ ಅಷ್ಟರೊಳಗೆ ಹುಡುಕಿ ಸಾಕಾಗಿ ಸುಮ್ಮನಾಗುತ್ತವೆ. ಅಂಥದ್ದನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸಾಕು.

ಎರಡನೇದು ಷಟರ್. ವೈಫೈ ಅಂದ್ರೆ ರೇಡಿಯೊ ಅಲೆ. ಮರದ ಬಾಗಿಲು, ಗಾಜು ದಾಟುತ್ತದೆ. ದಪ್ಪ ಕಾಂಕ್ರೀಟು ದಾಟುವಾಗ ಸುಸ್ತಾಗುತ್ತದೆ. ಕಬ್ಬಿಣದ ತಗಡು ಅಡ್ಡ ಬಂದರೆ ಬಹುಪಾಲು ವಾಪಸ್ಸೇ. ಹಗಲಿಡೀ ತೆರೆದ ಬಾಗಿಲಲ್ಲಿ ಓಡಾಡುತ್ತಿದ್ದ ಅಲೆಗೆ ರಾತ್ರಿ ನೀವೇ ತಗಡು ಅಡ್ಡ ಎಳೀತೀರಿ! ಹಗಲು ಬಂದ ಫಿಟ್ಟಿಂಗ್ ಹುಡುಗನಿಗೆ ಇದು ಗೊತ್ತಾಗೋದಾದರೂ ಹೇಗೆ? ಡಬ್ಬಿಯನ್ನು ಬೀರುವಿನ ಸಂದಿಯಿಂದ ತೆಗೆದು ಷಟರ್ ಪೆಟ್ಟಿಗೆಗಿಂತ ಮೇಲೆ, ವೆಂಟಿಲೇಟರ್ ಹತ್ತಿರ ಕೂರಿಸಿ. ಆಗಲೂ ಬರದಿದ್ದರೆ, ಕ್ಯಾಮೆರಾದಲ್ಲಿ ಕೇಬಲ್ ಚುಚ್ಚುವ ಜಾಗವಿದ್ದರೆ, ಗೋಡೆಗೊಂದು ತೂತು ಕೊರೆದು ಲ್ಯಾನ್ ಕೇಬಲ್ ಎಳೆಸಿ. 100 ಮೀಟರ್‌ವರೆಗೂ ನಡೆಯುತ್ತದೆ.

ಮೂರನೇದು ಕತ್ತಲು. ಕತ್ತಲಾದ ಕೂಡಲೇ ಕ್ಯಾಮೆರಾದೊಳಗೆ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪ ಹತ್ತುತ್ತದೆ. ಆಗ ಅದು ಹಗಲಿಗಿಂತ ಜಾಸ್ತಿ ಕರೆಂಟ್ ಎಳೆಯುತ್ತದೆ. ಅಡಾಪ್ಟರ್ ಸಪ್ಪೆಯಾಗಿದ್ದರೆ, ಅಥವಾ 5 ವೋಲ್ಟಿನ ಸಣ್ಣ ವೈರನ್ನು ಮಾರುಗಟ್ಟಲೆ ಎಳೆದಿದ್ದರೆ, ತುದಿಯಲ್ಲಿ ವೋಲ್ಟೇಜ್ ಸಾಲೋದಿಲ್ಲ. ಕ್ಯಾಮೆರಾ ಬೀಳುತ್ತದೆ, ಏಳುತ್ತದೆ, ಮತ್ತೆ ಬೀಳುತ್ತದೆ. ಕಂಪನಿ ಹೇಳಿದ ಆಂಪಿಯರಿನ ಅಡಾಪ್ಟರನ್ನೇ ಹಾಕಿ, ಕ್ಯಾಮೆರಾ ಹತ್ತಿರವೇ, ಮಳೆ ನೀರು ತಾಗದ ಪೆಟ್ಟಿಗೆಯೊಳಗೆ ಕೂರಿಸಿ.

ಯಾವುದು ಅಂತ ತಿಳಿಯೋದು ಹೇಗೆ? ಇವತ್ತು ಕತ್ತಲಾದ ಮೇಲೆ, ಷಟರ್ ಎಳೆಯುವ ಮುಂಚೆ, ಮೊಬೈಲಿನಲ್ಲಿ ಹತ್ತು ನಿಮಿಷ ಚಿತ್ರ ನೋಡಿ. ಆಗಲೇ ಬಿಟ್ಟು ಬಿಟ್ಟು ಬರುತ್ತಿದ್ದರೆ ಮೊದಲು ಅಡಾಪ್ಟರ್ ಬದಲಿಸಿ ನೋಡಿ. ಚೆನ್ನಾಗಿದ್ದರೆ ಮೇನ್ ಮುಟ್ಟದೆ ಷಟರ್ ಮಾತ್ರ ಎಳೆದು, ಹೊರಗೆ ನಿಂತು, ಮೊಬೈಲಿನ ಸ್ವಂತ ಇಂಟರ್ನೆಟ್ಟಿನಲ್ಲಿ ನೋಡಿ. ಚಿತ್ರ ನಿಂತರೆ ಷಟರೇ ಕಳ್ಳ. ನಿಲ್ಲದಿದ್ದರೆ ಒಳಗೆ ಹೋಗಿ ಮೇನ್ ಆಫ್ ಮಾಡಿ ಬನ್ನಿ. ಈಗ ನಿಂತರೆ ಲೈನ್ ಬದಲಿಸಬೇಕು. ಇದಕ್ಕೆ ಯಾವ ಹುಡುಗನೂ ಬೇಡ, ಚಾರ್ಜೂ ಬೇಡ.

ಹಗಲೂ ಕೈಕೊಡುತ್ತಿದ್ದರೆ ದಾರಿ ಬೇರೆ. ಡಬ್ಬಿಯ ಪಾಸ್‌ವರ್ಡ್ ಬದಲಾಯಿಸಿದಿರಾ? ಕ್ಯಾಮೆರಾಗೂ ಹೊಸದನ್ನು ಹೇಳಬೇಕು. ಡಬ್ಬಿ 2.4 ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ಕೆಲಸ ಮಾಡುತ್ತದಾ? ಅಗ್ಗದ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ 2.4 ಮಾತ್ರ ಗೊತ್ತು. ಗೋಡೆ ದಾಟೋದರಲ್ಲೂ ಅದೇ ವಾಸಿ. ಎರಡಕ್ಕೂ ಬೇರೆ ಬೇರೆ ಹೆಸರಿಟ್ಟು ಕ್ಯಾಮೆರಾಗೆ 2.4 ಕೊಡಿ. ಮಗ್ಗುಲ ಅಂಗಡಿಗಳ ವೈಫೈ ಗದ್ದಲವಿದ್ದರೆ ಚಾನೆಲ್ 1, 6, 11ರಲ್ಲಿ ಖಾಲಿ ಇರೋದನ್ನ ಆರಿಸಿ. ಮೆಮೊರಿ ಕಾರ್ಡ್ ಹಾಕಿಸಿ. ಕ್ಯಾಮೆರಾಗೆ ಕರೆಂಟಿದ್ದರೆ, ವೈಫೈ ಹೋದರೂ ಕಾರ್ಡಿನಲ್ಲಿ ಚಿತ್ರ ಉಳಿಯುತ್ತದೆ. ಆದರೆ ಕಳ್ಳ ಕ್ಯಾಮೆರಾವನ್ನೇ ಕಿತ್ತುಕೊಂಡು ಹೋದರೆ ಕಾರ್ಡೂ ಅವನ ಜೇಬಿಗೇ!

‘ಅಂಗಡಿಯವರ ಪಾಡು ಅವರಿಗೆ, ನಮಗೇನು’ ಅಂತ ಬಸ್ಸಿಗೆ ಕಾಯುವವರು ಪುಟ ತಿರುವಬೇಡಿ. ಕಡೇ ಬಸ್ಸಿಗೆ ನಿಂತಾಗ ನಿಮ್ಮ ಪರ್ಸೋ, ಹೆಣ್ಣುಮಕ್ಕಳ ಸರವೋ ಹೋದರೆ ಪೊಲೀಸರು ಮೊದಲು ಕೇಳೋದು ಎದುರಿನ ಅಂಗಡಿ ಕ್ಯಾಮೆರಾ. ಅಷ್ಟೊತ್ತಿಗೆ ಅಂಗಡಿ ಮುಚ್ಚಿರುತ್ತದೆ, ಕ್ಯಾಮೆರಾ ಮಲಗಿರುತ್ತದೆ. ಬೆಳಿಗ್ಗೆ ಕೇಳಿದರೆ ‘ರಾತ್ರಿದು ರೆಕಾರ್ಡೇ ಆಗಿಲ್ಲ ಸಾರ್’ ಅನ್ನೋ ಉತ್ತರ.

ಕಾನೂನೂ ಇದೆ. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆಯ ಪ್ರಕಾರ ಒಟ್ಟಿಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಸಂಸ್ಥೆಗಳು ಕ್ಯಾಮೆರಾ ಹಾಕಲೇಬೇಕು, ಚಿತ್ರವನ್ನು 30 ದಿನ ಉಳಿಸಿಡಲೇಬೇಕು. ಸಣ್ಣ ಅಂಗಡಿಗೆ ಈ ಕಟ್ಟು ಬರದೇ ಇರಬಹುದು. ಆದರೆ ಕಳ್ಳನೇನು ಲೆಕ್ಕ ಹಾಕಿ ಬರ್ತಾನಾ?

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಹಾಗಾಗೋದು ಬೇಡ. ಇವತ್ತು ಷಟರಿಗೆ ಬೀಗ ಹಾಕಿ ಎಳೆದು ನೋಡ್ತೀರಲ್ಲ, ಹಾಗೇ ಮೊಬೈಲನ್ನೂ ಒಮ್ಮೆ ತೆಗೆದು ನೋಡಿ. ಆಮೇಲೆ ಗಾಡಿ ಸ್ಟಾರ್ಟ್ ಮಾಡಿ.