ಕೊಂಡ ಆಟಕ್ಕೆ ದಿನಾ ಅಪ್ಪಣೆ ಬೇಕೇ?

2004ರಲ್ಲಿ ಹುಣಸೂರು ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಸೈಬರ್ ಸೆಂಟರ್ ಇತ್ತು. 6 ಕಂಪ್ಯೂಟರು, ಗಂಟೆಗೆ 15 ರೂಪಾಯಿ. ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟರೆ ಸಾಕು, ಪಿರಿಯಾಪಟ್ಟಣ, ಕೆ.ಆರ್. ನಗರದ ಬಸ್ ಹಿಡಿಯಬೇಕಾದ ಹುಡುಗರೂ ‘ಏಜ್ ಆಫ್ ಎಂಪೈರ್ಸ್’ ಆಡಲು ನುಗ್ಗುತ್ತಿದ್ದರು. ಮರ ಕಡಿಸಿ, ಚಿನ್ನ ಅಗೆಸಿ, ಕೋಟೆ ಕಟ್ಟಿ, ದಂಡು ಕೂಡಿಸಿ ಎದುರಾಳಿಯ ಮೇಲೆ ಏರಿಹೋಗುವ ಆಟ. ಚದುರಂಗದಂತೆ ಸರದಿ ಕಾಯುವುದಿಲ್ಲ. ನಾವು ಯೋಚಿಸುವಷ್ಟರಲ್ಲಿ ಅವನೂ ಕಟ್ಟುತ್ತಿರುತ್ತಾನೆ. ಇದಕ್ಕೇ ರಿಯಲ್ ಟೈಮ್ ಸ್ಟ್ರಾಟಜಿ ಎನ್ನುವುದು.

ಆರಕ್ಕೂ ಒಂದೇ ನಕಲಿ ಸಿ.ಡಿ. ಅದು ಅಪರಾಧ. ನಕಲಿ ಎಂದು ಗೊತ್ತಿದ್ದೂ ತಂತ್ರಾಂಶ ಬಳಸಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಲ್ಲಿ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಆಟ ಕಟ್ಟಲು ವರ್ಷಗಟ್ಟಲೆ ದುಡಿದವರಿಗೆ ನನ್ನಿಂದ ಒಂದು ರೂಪಾಯಿಯೂ ಸೇರಲಿಲ್ಲ ಎಂಬುದು ಈಗಲೂ ಚುಚ್ಚುತ್ತದೆ. ಮನೆಯಲ್ಲಿ ಕೂಡಿ ಆಡುವವರಿಗೆ ನೇರ ದಾರಿಯೂ ಇತ್ತು: ಇದೇ ಬಗೆಯ ಆಟವಾದ 1998ರ ‘ಸ್ಟಾರ್‌ಕ್ರಾಫ್ಟ್’ನಲ್ಲಿ ಒಂದು ಅಸಲಿ ಸಿ.ಡಿ.ಯಿಂದ 8 ಜನ ಕೂಡಿ ಆಡಲು ಕಂಪನಿಯೇ ಬಿಟ್ಟುಕೊಟ್ಟಿತ್ತು.

ಆಗ ಆಟಕ್ಕೆ ಇಂಟರ್ನೆಟ್ಟೇ ಬೇಕಿರಲಿಲ್ಲ. ಒಂದು ಸ್ವಿಚ್ಚು, ನಾಲ್ಕಾರು ಮಾರು ಕೇಬಲ್ ಸಾಕು. ಸಾವಿರ ಸೈನಿಕರ ಚಲನೆಯನ್ನೆಲ್ಲ ಕಂಪ್ಯೂಟರುಗಳು ಒಂದಕ್ಕೊಂದು ಕಳಿಸುವುದಿಲ್ಲ. ‘ಇಂಥವರು ಇಲ್ಲಿಗೆ ಹೋಗಲಿ’ ಎಂಬ ಆಜ್ಞೆಯನ್ನಷ್ಟೇ ಕಳಿಸುತ್ತವೆ. ಉಳಿದ ಲೆಕ್ಕ ಪ್ರತಿಯೊಂದೂ ತಾನೇ ಮಾಡಿಕೊಳ್ಳುತ್ತದೆ.

2010ರಲ್ಲಿ ಗಾಳಿ ತಿರುಗಿತು. ‘ಸ್ಟಾರ್‌ಕ್ರಾಫ್ಟ್ 2’ ಈ ಕೇಬಲ್ ಆಟವನ್ನು ತೆಗೆದೇಬಿಟ್ಟಿತು. ಅದೇ ವರ್ಷ ಬಂದ ‘ಕಮಾಂಡ್ ಅಂಡ್ ಕಾಂಕರ್ 4’ ಒಬ್ಬನೇ ಆಡಿದರೂ ನೆಟ್ ಕಡಿಯಬಾರದು ಎಂದಿತು. ನಕಲು ತಡೆಯುವ ಕಾವಲು ಅದು. ಕಾವಲಿನ ಸರ್ವರ್ ಒಂದು ದಿನ ಮುಚ್ಚಿದರೆ ಕೊಂಡವನ ಆಟವೂ ಮುಚ್ಚಿದಂತೆ.

ಇದರ ಬಿಸಿ ತಟ್ಟಿದ್ದು ನನ್ನ ಅಕ್ಕನ ಮಗನಿಗೆ. ಎಚ್.ಡಿ. ಕೋಟೆಯ ಕಾಡಂಚಿನ ಊರು. ಮಳೆ ಹನಿದರೆ ನೆಟ್‌ವರ್ಕ್ ಇಲ್ಲ. ಹೊಗೆಸೊಪ್ಪಿನ ದುಡ್ಡು ಕೈಗೆ ಬಂದ ವಾರ ಭಾವ ಅವನಿಗೊಂದು ಇಂಥದೇ ಆಟ ಕೊಡಿಸಿದ್ದರು. “ಮಾವ, ದುಡ್ಡು ಕೊಟ್ಟಿದೀವಲ್ಲ, ಆಡಕ್ಕೆ ಯಾಕ್ ಬಿಡ್ತಿಲ್ಲ?” ಎಂದ. ಸಂತೆಯಲ್ಲಿ ಕೊಂಡ ಎತ್ತನ್ನು ಹೂಡಲು ದಿನಾ ಮಾರಿದವನನ್ನು ಕೇಳಿಕೊಂಡು ಬರುತ್ತೇವೆಯೇ? ಆಟ ಅಸಲಿಯೇ ಎಂದು ಕಂಪನಿ ಕೊಳ್ಳುವಾಗ ಒಮ್ಮೆ ಪರೀಕ್ಷಿಸಲಿ, ಆಮೇಲೆ ಬಿಟ್ಟುಬಿಡಲಿ. ‘ಗಾಗ್’ನಂಥ ಆನ್‌ಲೈನ್ ಮಳಿಗೆಗಳು ಇಂಥ ಕಾವಲಿಲ್ಲದೆಯೇ ಆಟ ಮಾರುತ್ತಿವೆ.

ಹೋದ ದಸರಾ ರಜೆಗೆ ಅವನಿಗೆ ‘0 ಎ.ಡಿ.’ ಒಯ್ದುಕೊಟ್ಟೆ. ಉಚಿತ ಆಟ, ನಕಲು ಮಾಡಿ ಹಂಚಲು ಕಟ್ಟಿದವರೇ ಒಪ್ಪಿದ್ದಾರೆ. ಶ್ರವಣಬೆಳಗೊಳಕ್ಕೆ ಬಂದನೆಂದು ನಮ್ಮ ಜನ ನಂಬುವ ಚಂದ್ರಗುಪ್ತ ಮೌರ್ಯನೂ ಅದರಲ್ಲಿದ್ದಾನೆ. ಹೊರಗೆ ಮಳೆ, ಫೋನಿನಲ್ಲಿ ಸಿಗ್ನಲ್ ಇಲ್ಲ. ಎರಡು ಲ್ಯಾಪ್‌ಟಾಪ್ ನಡುವೆ ಹಳೇ ಕೇಬಲ್ ಎಳೆದು ರಾತ್ರಿ ಹನ್ನೊಂದರವರೆಗೆ ಆಡಿದೆವು.